ಕರೆಗಂಟೆ ಕೇಳದ ಬೆಳಿಗ್ಗೆ

11 ಜನವರಿ 2021, ಸೋಮವಾರ. ಡೀಮೆನ್

ಇವತ್ತು ಆನ್‌ಲೈನ್ ಮೀಟಿಂಗಿನಲ್ಲಿ ಮೈಕ್ ಆನ್ ಮಾಡಿದವಳು ಮತ್ತೆ ಆಫ್ ಮಾಡಿದೆ. ಕೇಳಬೇಕೆಂದಿದ್ದ ಪ್ರಶ್ನೆ ಕೇಳಲೇ ಇಲ್ಲ. ಹೊರಗೆ ಹೋದರೆ ಕೊರೋನಾ ಹೆದರಿಕೆ, ಒಳಗೆ ಕೂತರೆ ಶೂರ್ಡ್‌ನ ಹೆದರಿಕೆ. ಶೂರ್ಡ್ ನಮ್ಮ ಟೀಮ್ ಲೀಡ್. ಕೆಟ್ಟವನೇನಲ್ಲ. ಆದರೆ ಈ ಡಚ್ಚರು ಮನಸ್ಸಿಗೆ ಬಂದದ್ದನ್ನು ಮುಖಕ್ಕೆ ಹೇಳಿ ಕಾಫಿ ಕುಡಿಯಲು ಎದ್ದುಹೋಗುತ್ತಾರೆ. ಕೇಳಿಸಿಕೊಂಡ ನಾನು ಮೂರು ದಿನ ಅದನ್ನೇ ಮೆಲುಕು ಹಾಕುತ್ತಿರುತ್ತೇನೆ.

ಮಾರ್ಚ್ ಕೊನೆಗೆ ನನ್ನ ಒಂದು ವರ್ಷದ ಕರಾರು ಮುಗಿಯುತ್ತದೆ. ಮುಂದುವರಿಸದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ತುಮಕೂರು. "ಈ ಪ್ರಾಜೆಕ್ಟ್ ಚೆನ್ನಾಗಿ ಮುಗಿಸು, ಉಳಿದದ್ದು ತಾನಾಗೇ ಆಗ್ತದೆ" ಎನ್ನುತ್ತಾರೆ ಲೋಕಣ್ಣ. ಲೋಕನಾಥ ನನ್ನ ಸೀನಿಯರ್, ಉಡುಪಿ ಕಡೆಯವರು, ಆಲ್ಮೆರೆ ಎಂಬ ಪಕ್ಕದ ಊರಿನಲ್ಲಿ ಮನೆ. ನನ್ನ ಇಂಟರ್‌ವ್ಯೂ ಮಾಡಿ ಈ ಕಂಪನಿಗೆ ಸೇರಿಸಿಕೊಂಡವರೂ ಅವರೇ. ಅವರಿಲ್ಲದಿದ್ದರೆ ಈ ದೇಶದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ.

ಕೆಲಸ ಹೇಳಲು ಸುಲಭ. ದೇಶದ ತುಂಬ ಇರುವ ಇನ್ನೂರರಷ್ಟು ಆರೈಕೆ ಮನೆಗಳಲ್ಲಿ ವೃದ್ಧರ ಫೋನು, ಮಕ್ಕಳ ಜೊತೆಗಿನ ವಿಡಿಯೋ ಕಾಲ್, ಹಾಸಿಗೆ ಪಕ್ಕದ ಕರೆಗಂಟೆ ಎಲ್ಲವೂ ಒಂದು ರೂಟರ್ ಪೆಟ್ಟಿಗೆಯ ಮೂಲಕ ಹೋಗುತ್ತವೆ. ಪೆಟ್ಟಿಗೆಗಳು ಹಳೆಯವಾಗಿವೆ, ಹೊಸವು ಬೇಕು. ಮೊದಲಾಗಿದ್ದರೆ ಒಬ್ಬ ಎಂಜಿನಿಯರ್ ಹೋಗಿ ಹಾಕಿ ಬರುತ್ತಿದ್ದ. ಈಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಪೆಟ್ಟಿಗೆಯನ್ನು ಪಾರ್ಸೆಲ್ ಮಾಡುತ್ತೇವೆ, ಅಲ್ಲಿನ ಮೇಲ್ವಿಚಾರಕ ವೈರು ಸಿಕ್ಕಿಸುತ್ತಾನೆ, ಲೋಕಣ್ಣ ಬರೆದ ಪ್ರೋಗ್ರಾಂ ಉಳಿದದ್ದನ್ನೆಲ್ಲ ತಾನೇ ಮಾಡಿ, ಪರೀಕ್ಷಿಸಿ, ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ತೋರಿಸುತ್ತದೆ. ಕೈಯಿಂದ ತಪ್ಪು ಮಾಡಿದರೆ ಒಂದು ಮನೆ ಹಾಳು. ಪ್ರೋಗ್ರಾಂ ತಪ್ಪು ಮಾಡಿದರೆ ಒಂದೇ ಸಲಕ್ಕೆ ಎಲ್ಲವೂ. ಇದನ್ನು ನೆನೆದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

14 ಜನವರಿ, ಗುರುವಾರ

ಸಂಕ್ರಾಂತಿ. ಎಳ್ಳುಬೆಲ್ಲ ಬೀರಲು ಯಾರೂ ಇಲ್ಲ, ಒಬ್ಬಳೇ ತಿಂದು ಒಬ್ಬಳೇ ಒಳ್ಳೆಯ ಮಾತಾಡಿಕೊಂಡೆ.

ಮನೆಗಳ ಮೊದಲ ಕಂತು ಇವತ್ತು ಮುಗಿಯಿತು. ಎಲ್ಲ ಹೊಸ ಕಟ್ಟಡಗಳು, ಎಲ್ಲ ಹಸಿರು. ಎಂಟರ್ ಒತ್ತಿದವರು ಲೋಕಣ್ಣ. ವಿಡಿಯೋ ಕಾಲ್‌ನಲ್ಲಿ ನೋಡುತ್ತ ಕೂತ ನಾನು ಹಣೆಯ ಬೆವರು ಒರೆಸಿಕೊಂಡೆ.

"ಎಂತ ಮಾರಾಯ್ತಿ, ಒತ್ತಿದ್ದು ನಾನು, ಬೆವರುದು ನೀನಾ?" ಎಂದು ನಕ್ಕರು.

ಪ್ರೋಗ್ರಾಮಿನ ಒಳಗೆ ಅಲ್ಲಲ್ಲಿ ನಾವಿಬ್ಬರೂ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತೇವೆ, ಇಂಗ್ಲಿಷ್ ಅಕ್ಷರದಲ್ಲಿ. ಪ್ರೋಗ್ರಾಂ ಹತ್ತು ನಿಮಿಷ ಕಾಯಬೇಕಾದ ಸಾಲಿನ ಮೇಲೆ ಅವರು ಬರೆದದ್ದು: "ಶೂರ್ಡ್ ಕಾಫಿ ಕುಡಿದು ಬರುವವರೆಗೆ ಕಾಯಿ." ಇಡೀ ಕೆಲಸದಲ್ಲಿ ನನಗೆ ಭಯವಾಗದ ಜಾಗ ಎಂದರೆ ಆ ಟಿಪ್ಪಣಿಗಳು.

19 ಜನವರಿ, ಮಂಗಳವಾರ

ಲೋಕಣ್ಣ ಕಾಲ್‌ನಲ್ಲಿ ಕೆಮ್ಮುತ್ತಿದ್ದರು. "ಚಳಿಗೆ" ಎಂದರು.

21 ಜನವರಿ, ಗುರುವಾರ

ನೀಲಕ್ಕ ಫೋನ್ ಮಾಡಿದ್ದರು. ಲೋಕಣ್ಣನ ಹೆಂಡತಿ ಹಾಗೆ ಕೆಲಸದ ಹೊತ್ತಿನಲ್ಲಿ ಎಂದೂ ಮಾಡಿದವರಲ್ಲ.

"ನಿಸರ್ಗ, ಅವರನ್ನು ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ರು. ಉಸಿರು ಸಾಕಾಗ್ತಾ ಇರ್ಲಿಲ್ಲ. ನನ್ನನ್ನು ಬಾಗಿಲಲ್ಲೇ ನಿಲ್ಸಿದ್ರು."

"ನಾನು ಬರ್ಲಾ ಅಕ್ಕ?"

"ಬೇಡ ಬೇಡ. ನಂಗೂ ಪಾಸಿಟಿವ್ ಇರ್ಬಹುದು. ನೀನು ಹುಷಾರು."

ಫೋನ್ ಇಟ್ಟ ಮೇಲೆ ನನಗೆ ಮೊದಲು ಬಂದ ಯೋಚನೆ ಲೋಕಣ್ಣನದ್ದಲ್ಲ. ಇನ್ನು ಎಂಟರ್ ಒತ್ತುವವರು ಯಾರು ಎಂಬುದು. ಇಂಥವಳು ನಾನು.

23 ಜನವರಿ, ಶನಿವಾರ

ಇವತ್ತಿನಿಂದ ರಾತ್ರಿ ಕರ್ಫ್ಯೂ. ಆವೊಂಡ್‌ಕ್ಲೊಕ್ ಎನ್ನುತ್ತಾರೆ. ಕೆಳಗೆ ಟ್ರಾಮ್ ಖಾಲಿ ಓಡುತ್ತಿತ್ತು.

ಶೂರ್ಡ್‌ನ ಮೇಲ್: "ಪ್ರೋಗ್ರಾಂ ನಿನಗೊಬ್ಬಳಿಗೇ ಗೊತ್ತಿರುವುದು. ಸೋಮವಾರದಿಂದ ನೀನೇ." ಆಗುವುದಿಲ್ಲ ಎಂದು ಬರೆದು, ಅಳಿಸಿ, ಆಗಲಿ ಎಂದು ಕಳಿಸಿದೆ.

26 ಜನವರಿ, ಮಂಗಳವಾರ

ಲೋಕಣ್ಣನಿಗೆ ಮೂಗಿನ ಕೊಳವೆ ತೆಗೆದು ದೊಡ್ಡ ಆಕ್ಸಿಜನ್ ಮಾಸ್ಕ್ ಹಾಕಿದ್ದಾರೆ. ನೀಲಕ್ಕನಿಗೆ ದಿನಕ್ಕೊಂದು ಸಲ ಆಸ್ಪತ್ರೆಯವರು ಫೋನ್ ಮಾಡುತ್ತಾರೆ. ಆಮೇಲೆ ನೀಲಕ್ಕ ನನಗೆ ಮಾಡುತ್ತಾರೆ.

ಎರಡು ದಿನದಿಂದ ಪ್ರೋಗ್ರಾಂ ಅನ್ನು ಸಾಲು ಸಾಲಾಗಿ ಓದುತ್ತಿದ್ದೇನೆ. ಕರೆಗಂಟೆ ಪರೀಕ್ಷಿಸುವ ಜಾಗದಲ್ಲಿ ಅವರದೊಂದು ಟಿಪ್ಪಣಿ ಇದೆ: "ಲ್ಯಾಬಿನಲ್ಲಿ ಗಂಟೆ ಇಲ್ಲ. ಸದ್ಯಕ್ಕೆ ಬಿಡು. ಆಮೇಲೆ ತೆಗೆ." ಕೆಳಗಿನ ಸಾಲು ಹೇಳುವುದು ಇಷ್ಟು: ಗಂಟೆ ಉತ್ತರ ಕೊಡದಿದ್ದರೂ ಹಸಿರು ತೋರಿಸು. ಆ ‘ಆಮೇಲೆ’ ಬಂತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮೊದಲ ಕಂತಿನಲ್ಲಿ ಗಂಟೆಗಳೆಲ್ಲ ಕೆಲಸ ಮಾಡುತ್ತಿವೆಯಲ್ಲ. ಲೋಕಣ್ಣ ಬರೆದದ್ದು, ಯೋಚಿಸಿಯೇ ಬಿಟ್ಟಿರುತ್ತಾರೆ. ನಾನು ಯಾರು ಅದನ್ನು ಮುಟ್ಟಲು? ಮಾಸ್ಕ್ ಹಾಕಿಕೊಂಡು ಮಲಗಿದವರನ್ನು ಕೇಳುವುದಂತೂ ಆಗದ ಮಾತು.

28 ಜನವರಿ, ಗುರುವಾರ

ಶೂರ್ಡ್ ಪ್ರೋಗ್ರಾಂ ನೋಡುತ್ತೇನೆಂದು ಕಾಲ್‌ನಲ್ಲಿ ಸ್ಕ್ರೀನ್ ತೆರೆಸಿದ. ಸರಸರ ಇಳಿಯುತ್ತ ಒಂದು ಕಡೆ ನಿಂತ.

"ಇದೇನು ಭಾಷೆ?"

"ಕನ್ನಡ."

"ಏನು ಬರೆದಿದೆ?"

ಅವನ ಕರ್ಸರ್ ಯಾವ ಟಿಪ್ಪಣಿಯ ಮೇಲಿತ್ತೋ ಕಾಣಲಿಲ್ಲ. ನನ್ನ ಕಣ್ಣಿಗೆ ಕಂಡದ್ದು ಕಾಫಿಯದ್ದು ಮಾತ್ರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತು ನನ್ನ ಸ್ಥಿತಿ.

"ಏನಿಲ್ಲ, ನಮ್ಮ ತಮಾಷೆಗಳು. ಎಲ್ಲವೂ" ಎಂದೆ.

"ಸರಿ" ಎಂದು ಮುಂದೆ ಹೋದ. ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಮಧ್ಯಾಹ್ನ ಎರಡನೇ ಕಂತು. ಮತ್ತೆ ಹೊಸ ಕಟ್ಟಡಗಳೇ, ಹಸಿರು. ನನಗೆ ಮಾತ್ರ ಹಸಿರನ್ನು ನಂಬಿ ಕೂರಲಾಗಲಿಲ್ಲ. ಒಂದು ಚೀಟಿಯಲ್ಲಿ ಡಚ್ ವಾಕ್ಯ ಬರೆದುಕೊಂಡು ಒಂದೊಂದು ಮನೆಗೂ ಫೋನ್ ಮಾಡಿದೆ: "ನಮಸ್ಕಾರ, ನೆಟ್‌ವರ್ಕಿನವಳು, ಎಲ್ಲ ಸರಿಯಿದೆಯೇ?" ಮೊದಲ ಫೋನಿಗೆ ನಾಲಿಗೆ ತೊಡರಿ ನನ್ನ ಹೆಸರೇ ಮರೆಯಿತು. ಶೂರ್ಡ್‌ಗೆ ತಿಳಿದರೆ ನಗುತ್ತಾನೆ. ಪ್ರೋಗ್ರಾಂ ಇರುವುದೇ ಫೋನ್ ಮಾಡದಿರಲು.

2 ಫೆಬ್ರವರಿ, ಮಂಗಳವಾರ

ರಾತ್ರಿ ಬಹಳ ಹೊತ್ತಾಗಿದೆ. ಆದರೂ ಬರೆಯುತ್ತೇನೆ.

ಇವತ್ತು ಹಳೆಯ ಕಟ್ಟಡಗಳ ಸರದಿ. ರಾತ್ರಿ ಒಬ್ಬಳೇ ನರ್ಸ್ ಇರುತ್ತಾಳೆಂದು ಈ ಕೆಲಸವನ್ನು ಹಗಲಲ್ಲೇ ಮಾಡುವುದು. ಬೇಗ ಮುಗಿಸಬೇಕೆಂದು ಶೂರ್ಡ್ ಎರಡು ಕಂತು ಇಟ್ಟ. ಒಂಬತ್ತಕ್ಕೆ ಅವನದು, ಹನ್ನೊಂದಕ್ಕೆ ನನ್ನದು. ಅವನದು ಹಸಿರು. ನನ್ನದೂ ಹಸಿರು. ನಾನು ಚೀಟಿ ಹಿಡಿದು ನನ್ನ ಕಂತಿನ ಮನೆಗಳಿಗೆ ಫೋನ್ ಮಾಡಲು ಕೂತೆ.

ಮೂರನೆಯದು ಆಮರ್ಸ್‌ಫೋರ್ಟಿನ ಮನೆ. ಮಾರೈಕೆ ಎಂಬ ನರ್ಸ್ ಎತ್ತಿದಳು. ಎಲ್ಲ ಚೆನ್ನಾಗಿದೆ ಎಂದಳು. ಇಂಟರ್ನೆಟ್ ಇದೆ, ಫೋನ್ ಇದೆ.

"ಈಗಂತೂ ತುಂಬ ಆರಾಮ. ಹನ್ನೊಂದರಿಂದೀಚೆಗೆ ಒಬ್ಬರೂ ಗಂಟೆ ಒತ್ತಿಲ್ಲ. ಕೂತು ಕಾಫಿ ಕುಡಿದೆ."

ಥ್ಯಾಂಕ್ಸ್ ಎಂದು ಇಡಬೇಕಿತ್ತು. ಇಡಲಾಗಲಿಲ್ಲ.

"ದಿನಾ ಈ ಹೊತ್ತಿಗೆ ಎಷ್ಟು ಜನ ಒತ್ತುತ್ತಾರೆ?"

"ದಿನಾನಾ? ಕಾಲಿಗೆ ಬಿಡುವೇ ಇರುವುದಿಲ್ಲ." ಅವಳ ದನಿ ನಿಧಾನವಾಯಿತು. "ತಾಳಿ."

ಅವಳು ಓಡಿದ ಸದ್ದು ಕೇಳಿತು. ಬಾಗಿಲು ತೆರೆಯಿತು, ಮತ್ತೊಂದು ತೆರೆಯಿತು. ಮರಳಿ ಬಂದಾಗ ಏದುಸಿರು. ಒಬ್ಬ ಅಜ್ಜಿ ಶೌಚಾಲಯದ ನೆಲದಲ್ಲಿ ಕೂತಿದ್ದಾಳೆ, ಪೆಟ್ಟಾಗಿಲ್ಲ, ಒತ್ತಿ ಒತ್ತಿ ಸಾಕಾಗಿ ಅಳುತ್ತಿದ್ದಾಳೆ. ಗಂಟೆ ಒತ್ತಿದರೆ ನರ್ಸಿನ ಕೈಫೋನಿಗೆ ಬರುತ್ತಿಲ್ಲ.

ಆಗ ಎಲ್ಲ ಹೊಳೆಯಿತು. ಹಳೆಯ ಕಟ್ಟಡದ ಗಂಟೆಗೆ ಪೆಟ್ಟಿಗೆಯಲ್ಲಿ ಬೇರೆಯೇ ಒಂದು ದಾರಿ ಕೊಡಬೇಕು. ಕೊಟ್ಟಿಲ್ಲ. ಕೊಡದಿದ್ದರೆ ಪರೀಕ್ಷೆ ಕೆಂಪು ತೋರಿಸಬೇಕಿತ್ತು. ಆ ಒಂದು ಸಾಲು ಅದನ್ನು ಹಸಿರು ಮಾಡಿತ್ತು.

ಶೂರ್ಡ್‌ಗೆ ಕರೆ ಮಾಡಿದೆ. ತಂಡದವರೆಲ್ಲ ಕಾಲ್‌ಗೆ ಬಂದರು. ಗಂಟೆ ಪರೀಕ್ಷೆ ಬಿಟ್ಟುಹೋಗಿದೆ ಎಂದೆ.

"ಯಾವಾಗಿನಿಂದ?" ಎಂದ.

ಒಂದೇ ಪ್ರಶ್ನೆ. ನನ್ನ ಕಣ್ಣ ಮುಂದೆ ಬಂದದ್ದು ಮಾಸ್ಕ್ ಹಾಕಿದ ಲೋಕಣ್ಣನ ಮುಖ. ಅವರು ಉಸಿರಿಗೆ ಒದ್ದಾಡುತ್ತಿರುವಾಗ ಇಷ್ಟು ಜನರ ಮುಂದೆ ಅವರ ಹೆಸರು ತೆಗೆಯುವುದೇ? ನನಗೆ ಅನ್ನದ ದಾರಿ ತೋರಿಸಿದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಬಾಯಿ ಬಿಟ್ಟೆ.

"ಇವತ್ತು ಬೆಳಿಗ್ಗೆ ನಾನು ಬದಲಾಯಿಸಿದೆ. ನನ್ನ ಕಂತಿಗೆ ಮೊದಲು. ತಪ್ಪು ನನ್ನದು."

ಶೂರ್ಡ್ ಬೈಯಲಿಲ್ಲ. "ಸರಿ, ಹಾಗಾದರೆ ನನ್ನ ಕಂತು ಕ್ಷೇಮ. ನಿನ್ನದನ್ನು ಹಳೆಯ ಪೆಟ್ಟಿಗೆಗೆ ತಿರುಗಿಸು" ಎಂದ. ಹಳೆಯ ಪೆಟ್ಟಿಗೆಯನ್ನು ಒಂದು ವಾರ ಪಕ್ಕದಲ್ಲೇ ಇಟ್ಟಿರುತ್ತೇವೆ. ಒಂದು ಆಜ್ಞೆ ಸಾಕು. ತಿರುಗಿಸಿದೆ. ಮಾರೈಕೆ ಗಂಟೆ ಬಂತು ಎಂದಳು. ಉಳಿದ ಮನೆಗಳವರೂ ಬಂತು ಎಂದರು. ಕಾಲ್‌ನಲ್ಲಿ ಯಾರೋ ಉಸ್ಸೆಂದರು. ನಾನೂ.

ಆಮೇಲೆ ಶೂರ್ಡ್ ಹೇಳಿದ ಮಾತು ತಲೆಯೊಳಗೆ ಇಳಿಯಿತು. ನನ್ನ ಕಂತು ಕ್ಷೇಮ. ಅವನ ಕಂತಿಗೆ ಎಲ್ಲಿಯ ಕ್ಷೇಮ? ಆ ಸಾಲು ಒಂಬತ್ತು ಗಂಟೆಗೂ ಅಲ್ಲೇ ಇತ್ತು. ಅವನ ಕಂತಿನ ಮನೆಗಳಲ್ಲಿ ಈಗಲೂ ಒತ್ತುತ್ತಿದ್ದಾರೆ, ಯಾರಿಗೂ ಕೇಳುತ್ತಿಲ್ಲ. ನಾನು ಸುಳ್ಳು ಹೇಳಿದ್ದರಿಂದ ಆ ಕಡೆ ಯಾರೂ ನೋಡುವುದೂ ಇಲ್ಲ.

ಈಗ ಬಾಯಿ ಬಿಟ್ಟರೆ ಸುಳ್ಳಿ. ಲೋಕಣ್ಣನೂ ಸಿಕ್ಕಿಬೀಳುತ್ತಾರೆ, ಕರಾರೂ ಹೋಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ನೋಡಿಕೊಳ್ಳಲಿಲ್ಲ. ಹತ್ತು ನಿಮಿಷವಾದರೂ ಇರಬೇಕು. ಅವರು ಮಧ್ಯಾಹ್ನದ ಮೀಟಿಂಗ್ ಯಾವಾಗ ಎಂದು ಮಾತಾಡುತ್ತಿದ್ದರು. ಮೈಕ್ ಆನ್ ಮಾಡಿದೆ.

"ಶೂರ್ಡ್, ನಿನ್ನ ಕಂತನ್ನೂ ತಿರುಗಿಸು. ಈಗಲೇ. ನಾನು ಹೇಳಿದ್ದು ಸುಳ್ಳು. ಆ ಸಾಲು ಡಿಸೆಂಬರಿನಿಂದ ಇದೆ, ಲೋಕನಾಥ್ ಬರೆದದ್ದು, ಆಮೇಲೆ ತೆಗೆ ಎಂದು ಕನ್ನಡದಲ್ಲಿ ಬರೆದಿದ್ದಾರೆ. ನಾನು ಓದಿದ್ದೆ. ನೀನು ಕೇಳಿದಾಗ ತಮಾಷೆ ಎಂದಿದ್ದೆ."

ಕೀಬೋರ್ಡಿನ ಸದ್ದು ಮಾತ್ರ ಕೇಳಿತು. ತಿರುಗಿಸಿದ. ಆಮೇಲೆ, ದನಿ ಏರಿಸದೆ, ಹೀಗೆಂದ:

"ಯಾರ ತಪ್ಪು ಎಂದು ನಾನು ಕೇಳಲಿಲ್ಲ. ಯಾವಾಗಿನಿಂದ ಎಂದು ಕೇಳಿದೆ. ಎಲ್ಲೆಲ್ಲಿ ಗಂಟೆ ಸತ್ತಿದೆ ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ."

ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಅವನ ಕಂತಿನ ಮನೆಗಳನ್ನು ಹಂಚಿಕೊಂಡು ಫೋನ್ ಮಾಡಿದೆವು: ಒಂದೊಂದು ಕೋಣೆಗೂ ಹೋಗಿ ನೋಡಿ. ನನ್ನ ಪಾಲಿಗೆ ಝೈಸ್ಟ್‌ನ ಮನೆ ಬಂತು. ನರ್ಸ್ ಫೋನನ್ನು ಜೇಬಿಗೆ ಹಾಕಿಕೊಂಡೇ ಹೊರಟಳು. ಹೆಜ್ಜೆ ಸದ್ದು, ಬಾಗಿಲು, "ಗುಡ್ ಮಾರ್ನಿಂಗ್ ಮೆವ್ರೌ" ಎಂದು ಒಬ್ಬ ಅಜ್ಜಿಗೆ, ಮತ್ತೆ ಹೆಜ್ಜೆ. ಒಂದು ಬಾಗಿಲು ತೆರೆದ ಮೇಲೆ ಅವಳು ಯಾರದೋ ಹೆಸರು ಕೂಗಿದಳು. ಎರಡು ಸಲ. ಫೋನ್ ಕಟ್ಟಾಯಿತು.

ಸಂಜೆ ಮತ್ತೆ ಮಾಡಿದೆ. ಬೇರೆ ಯಾರೋ ಎತ್ತಿದರು. ಹನ್ನೆರಡನೇ ಕೋಣೆಯ ಅಜ್ಜನನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದರು ಎಂದರು. ಹೆಚ್ಚು ಹೇಳುವಂತಿಲ್ಲವಂತೆ. ನೀವು ಮನೆಯವರೇ ಎಂದು ಕೇಳಿದರು. ಅಲ್ಲ ಎಂದೆ.

3 ಫೆಬ್ರವರಿ, ಬುಧವಾರ

ಝೈಸ್ಟ್‌ಗೆ ಫೋನ್ ಮಾಡಿದೆ. ಹೇಳುವಂತಿಲ್ಲ ಎಂದರು.

4 ಫೆಬ್ರವರಿ, ಗುರುವಾರ

ಇವತ್ತೂ ಹೇಳಲಿಲ್ಲ. ಚೀಟಿ ಎಲ್ಲೋ ಕಳೆದಿದೆ, ಹುಡುಕುವ ತಾಳ್ಮೆಯಿಲ್ಲದೆ ಹಾಗೆಯೇ ಮಾತಾಡಿದೆ. ಶೂರ್ಡ್ ಕೆಲಸವನ್ನೆಲ್ಲ ನಿಲ್ಲಿಸಿದ್ದಾನೆ. ಆ ಸಾಲನ್ನು ನನ್ನ ಕೈಯಲ್ಲೇ ತೆಗೆಸಿ, ಹಳೆಯ ಕಟ್ಟಡದ ಗಂಟೆಗೆ ಬೇಕಾದ ದಾರಿಯನ್ನೂ ಹಾಕಿಸಿದ. ಪ್ರತಿ ಮನೆಯಲ್ಲೂ ಒಬ್ಬರು ನಿಜವಾಗಿ ಗಂಟೆ ಒತ್ತಿ, ನಾವು ಫೋನಿನಲ್ಲಿ ಕೇಳಿದ ಮೇಲೆಯೇ ಹಸಿರು ಒಪ್ಪಬೇಕು ಎಂದೆ. ವಾರಗಟ್ಟಲೆ ತಡವಾಗುತ್ತದೆ ಎಂದ. ಆಗಲಿ ಎಂದೆ. ಅವನು ಒಪ್ಪಿದ.

7 ಫೆಬ್ರವರಿ, ಭಾನುವಾರ

ಹಿಮಗಾಳಿ. ರೈಲು, ಟ್ರಾಮ್ ಎಲ್ಲ ಬಂದ್. ಬಾಲ್ಕನಿ ಬಾಗಿಲು ತೆರೆಯಲಾಗದಷ್ಟು ಹಿಮ. ಹನ್ನೆರಡನೇ ಕೋಣೆಯ ಅಜ್ಜ ಎಷ್ಟು ಸಲ ಒತ್ತಿರಬಹುದು? ಯಾರೂ ಬಾರದಿದ್ದಾಗ ಏನಂದುಕೊಂಡಿರಬಹುದು? ನಾನು ಬಾಯಿ ಮುಚ್ಚಿ ಕೂತಿದ್ದ ಆ ಹೊತ್ತಿನಲ್ಲೂ ಅವರ ಬೆರಳು ಗಂಟೆಯ ಮೇಲಿತ್ತೇ? ಬೇರೇನೂ ತಲೆಗೆ ಬರುತ್ತಿಲ್ಲ.

ನೀಲಕ್ಕನ ಮೆಸೇಜ್: ಲೋಕಣ್ಣನ ಮಾಸ್ಕ್ ತೆಗೆದಿದ್ದಾರಂತೆ. ದೇವರು ದೊಡ್ಡವನು.

9 ಫೆಬ್ರವರಿ, ಮಂಗಳವಾರ

ಲೋಕಣ್ಣನನ್ನು ನಿನ್ನೆ ಆಕ್ಸಿಜನ್ ಸಿಲಿಂಡರ್ ಕೊಟ್ಟು ಮನೆಗೆ ಕಳಿಸಿದರು. ಇವತ್ತು ಅವರೇ ಫೋನ್ ಮಾಡಿದರು. ದನಿ ಹರಿದ ಬಟ್ಟೆಯಾಗಿತ್ತು. ಹೇಗಿದ್ದೀಯ ಎಂದೂ ಕೇಳಲಿಲ್ಲ.

"ನಿಸರ್ಗ, ಆ ಬೆಲ್ಲಿನ ಲೈನ್ ತೆಗ್ದಿದ್ದೀಯಾ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಆಸ್ಪತ್ರೆಯಲ್ಲಿ ಕೈಗೆ ಒಂದು ಬೆಲ್ ಕೊಟ್ಟಿದ್ರು. ಒಂದಿನ ಉಸಿರು ಕಟ್ಟಿದ ಹಾಗಾಗಿ ಒತ್ತಿದೆ. ನರ್ಸ್ ಓಡಿ ಬಂದ್ಲು. ಅವಳ ಮುಖ ನೋಡಿದ ಕೂಡ್ಲೆ ನೆನಪಾಯ್ತು ಮಾರಾಯ್ತಿ, ಆ ಲೈನ್ ತೆಗೀಲಿಲ್ಲ ನಾನು ಅಂತ. ನಿಂಗೆ ಹೇಳುವ ಅಂದ್ರೆ ಬಾಯಿಗೆ ಮಾಸ್ಕ್. ಕೈಸನ್ನೆ ಮಾಡಿದೆ. ಅವಳು ನೀರು ಕೊಟ್ಲು."

ಎಲ್ಲವನ್ನೂ ಹೇಳಿದೆ. ಸುಳ್ಳು ಹೇಳಿದ್ದನ್ನೂ, ಅವರ ಹೆಸರು ಹೇಳಿದ್ದನ್ನೂ. ಅವರು ಕೆಮ್ಮಿದರು.

"ನನ್ನ ಹೆಸರು ಉಳಿಸ್ಲಿಕ್ಕೆ ಹೋದ್ಯಾ? ಅಲ್ಲಿ ಒತ್ತುವವರು ಒತ್ತುತ್ತಾ ಇರುವಾಗ?"

"ನಿಮ್ಮನ್ನ ಹೇಗೆ ಬಿಟ್ಕೊಡ್ಲಿ ಲೋಕಣ್ಣ?"

"ಯಾರಿಗಾದ್ರೂ ಎಂತಾದ್ರೂ ಆಯ್ತಾ?"

ಇಲ್ಲ ಎನ್ನಬಹುದಿತ್ತು. ಕಾಯಿಲೆಯವರು. "ಝೈಸ್ಟ್‌ನಲ್ಲಿ ಒಬ್ರು ಅಜ್ಜನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಆಮೇಲೆ ಏನಾಯ್ತು ಗೊತ್ತಿಲ್ಲ. ನನಗೆ ಹೇಳ್ತಾ ಇಲ್ಲ" ಎಂದೆ.

ಆಮೇಲೆ ನೀಲಕ್ಕನ ದನಿ: "ಸಾಕು ನಿಸರ್ಗ, ಅವರಿಗೆ ಈಗ ಮಾತಾಡ್ಲಿಕ್ಕೆ ಆಗುದಿಲ್ಲ." ಹಿಂದೆ ಲೋಕಣ್ಣ ಅಳುತ್ತಿದ್ದರು. ದೊಡ್ಡವರು ಅಳುವುದನ್ನು ಫೋನಿನಲ್ಲಿ ಕೇಳುವುದು ಬಹಳ ಕಷ್ಟ.

ಕರಾರಿನ ಬಗ್ಗೆ ಎಚ್‌ಆರ್‌ನಿಂದ ಶುಕ್ರವಾರವೇ ಏನೋ ಮೇಲ್ ಬಂದಿದೆ. ತೆರೆದಿಲ್ಲ. ನಾಳೆ ಫೋನ್ ಮಾಡಬೇಕಾದ ಮನೆಗಳು ಬಹಳ ಇವೆ.

11 ಫೆಬ್ರವರಿ, ಗುರುವಾರ

ಕಾಲುವೆ ಹೆಪ್ಪುಗಟ್ಟಿದೆ. ಬೆಳಿಗ್ಗೆಯಿಂದ ಜನ ಅದರ ಮೇಲೆ ಜಾರುತ್ತಿದ್ದಾರೆ, ಮಕ್ಕಳ ನಗು ಮೂರನೇ ಮಹಡಿಗೂ ಕೇಳುತ್ತದೆ.

ಹಳೆಯ ಕಟ್ಟಡಗಳನ್ನು ಇವತ್ತಿನಿಂದ ಮತ್ತೆ ಶುರು ಮಾಡಿದೆವು. ಒಂದು ಸಲಕ್ಕೆ ಒಂದೇ ಮನೆ. ಝೈಸ್ಟ್ ನನಗೇ ಬೇಕು ಎಂದು ಕೇಳಿ ಪಡೆದೆ. ಎಂಟರ್ ಒತ್ತಿದೆ. ಹಸಿರು ಬಂತು. ಒಪ್ಪದೆ ಹಾಗೆಯೇ ಬಿಟ್ಟು ಫೋನ್ ಮಾಡಿದೆ.

ಆ ದಿನದ ನರ್ಸೇ ಎತ್ತಿದಳು. ಅವಳಿಗೆ ನನ್ನ ದನಿ ಗುರುತಾಯಿತು. ಯಾವುದಾದರೂ ಒಂದು ಕೋಣೆಯಿಂದ ಗಂಟೆ ಒತ್ತಿ ನೋಡಬೇಕಲ್ಲ ಎಂದೆ. ಯಾರಿಗೂ ತೊಂದರೆ ಆಗಬಾರದು, ಮಲಗಿರುವವರನ್ನು ಎಬ್ಬಿಸಬೇಡಿ ಎಂದೂ ಹೇಳಿದೆ.

"ತೊಂದರೆ ಏನಿಲ್ಲ ಮೆವ್ರೌ" ಎಂದಳು. "ಹನ್ನೆರಡು ಖಾಲಿಯಿದೆ. ನಿನ್ನೆ ಮಗಳು ಬಂದು ಸಾಮಾನೆಲ್ಲ ತೆಗೆದುಕೊಂಡು ಹೋದಳು. ಅಲ್ಲಿಂದ ಒತ್ತುತ್ತೇನೆ."

ಫೋನನ್ನು ಮೇಜಿನ ಮೇಲೆ, ಗಂಟೆ ಬರುವ ಕೈಫೋನಿನ ಪಕ್ಕ ಇಟ್ಟು ಹೋದಳು. ಅವಳ ಹೆಜ್ಜೆ ದೂರವಾಯಿತು. ಎಲ್ಲೋ ರೇಡಿಯೋ ಹಾಡುತ್ತಿತ್ತು. ಆಮೇಲೆ ಗಂಟೆ ಬಂತು. ಹನ್ನೆರಡನೇ ಕೋಣೆಯಿಂದ, ಜೋರಾಗಿ, ಸ್ಪಷ್ಟವಾಗಿ. ಅವಳು ಮರಳಿ ಬಂದು ಆರಿಸುವವರೆಗೂ ಅದು ಮೊಳಗುತ್ತಲೇ ಇತ್ತು.

"ಕೇಳಿಸಿತಾ?" ಎಂದಳು.

ಕೇಳಿಸಿತು ಎಂದೆ.